ಐದು ನಿಮಿಷ ಬಾಗಿಲ ಹೊರಗೆ

ನಮಸ್ಕಾರ. ನಾನು ದಾವಣಗೆರೆಯಲ್ಲಿ ಮನಸ್ಸಿನ ಕಾಯಿಲೆ ನೋಡೋ ಡಾಕ್ಟ್ರು. ಈ ಹೊತ್ತಲ್ಲಿ ರೇಡಿಯೋ ಕೇಳೋರು ಯಾರು ಅಂತ ನನಗೊಂದು ಅಂದಾಜಿದೆ. ಮಕ್ಕಳನ್ನ ಸ್ಕೂಲಿಗೆ ಕಳಿಸಿ ರೊಟ್ಟಿ ತಟ್ಟೋಕೆ ನಿಂತಿರೋ ಅಕ್ಕ, ಅಂಗಡಿ ಬಾಗಿಲು ತೆಗೆದು ಮೊದಲ ಗಿರಾಕಿಗೆ ಕಾಯ್ತಿರೋ ಅಣ್ಣ, ಹೊಲದ ಬದುವಿನ ಮೇಲೆ ಮೊಬೈಲಲ್ಲಿ ಸ್ಟೇಷನ್ ಹಾಕ್ಕೊಂಡು ಕೂತಿರೋ ತಮ್ಮ. ನಿಮ್ಮಲ್ಲಿ ಯಾರಿಗೋ ಇವತ್ತು ಎದ್ದಾಗಿಂದ ಮನಸ್ಸಿಗೆ ಮಂಕು ಕವಿದಂಗೆ ಆಗಿರುತ್ತೆ, ಯಾಕೆ ಅಂದ್ರೆ ಗೊತ್ತಿಲ್ಲ ಅಂತೀರ. ಈ ಮಾತು ನಿಮಗೇ.

ಹೇಳೋದು ಒಂದೇ ವಿಷಯ. ಐದು ನಿಮಿಷ ಬಾಗಿಲ ಹೊರಗೆ ಬಂದು ಒಂದು ಜೀವ ನೋಡಿ. ಗಿಡ ಆದ್ರೂ ಸರಿ, ಇರುವೆ ಸಾಲಾದ್ರೂ ಸರಿ, ಕರೆಂಟ್ ವೈರ್ ಮೇಲಿನ ಕಾಗೆ ಆದ್ರೂ ಸರಿ. ಮೊಬೈಲ್ ಒಳಗೇ ಇರ್ಲಿ.

ಬೇಜಾರಾದಾಗ ಮನಸ್ಸು ಗಾಣದೆತ್ತು ಆಗ್ಬಿಡುತ್ತೆ. ಅವಳು ಹಂಗಂದ್ಲು, ನಾನ್ಯಾಕೆ ಸುಮ್ನಿದ್ದೆ, ಮೊನ್ನೆನೂ ಹಂಗೇ ಅಂದಿದ್ಲು, ಮತ್ತೆ ಅವಳು ಹಂಗಂದ್ಲು, ಸುತ್ತಿದ್ದೇ ಸುತ್ತೋದು. ಆಗ ಮನೇಲಿ ಒಬ್ಬರು ಬಂದು "ಅದನ್ನೆಲ್ಲ ಯೋಚನೆ ಮಾಡ್ಬೇಡ, ಖುಷಿಯಾಗಿರು" ಅಂತಾರೆ. ಇದು ಕೇಳಿದ್ರೆ ನನಗೆ ನಿಜವಾಗ್ಲೂ ಸಿಟ್ಟು ಬರುತ್ತೆ. ಹೇಳಿದ್ರೆ ಎತ್ತು ನಿಲ್ಲುತ್ತಾ? ಅದರ ಕಣ್ಣಿಗೆ ಕಟ್ಟಿರೋ ಪಟ್ಟಿ ಬಿಚ್ಚಬೇಕು, ಬೇರೆ ಏನಾದ್ರೂ ಕಣ್ಣಿಗೆ ಬೀಳಬೇಕು.

ನನ್ನ ಕಣ್ಣಿನ ಪಟ್ಟಿ ಬಿಚ್ಚಿದ್ದು ಒಂದು ಗೀಜಗ. ಅದನ್ನ ಸ್ವಲ್ಪ ವಿವರವಾಗಿ ಹೇಳ್ತೀನಿ.

ನಮ್ಮಪ್ಪ ತೀರ್ಕೊಂಡ ವರ್ಷ ಅದು. ಆಷಾಢದಲ್ಲಿ ಹೋದ್ರು. ಭಾದ್ರಪದದ ಹೊತ್ತಿಗೆ ನಾನು ಡ್ಯೂಟಿಗೆ ಹೋಗ್ತಿದ್ದೆ, ಪೇಷೆಂಟ್ ನೋಡ್ತಿದ್ದೆ, ಆದ್ರೆ ಊಟಕ್ಕೆ ರುಚಿ ಇಲ್ಲ, ರಾತ್ರಿ ಮೂರಕ್ಕೆ ಎಚ್ಚರ, ಕೊನೇ ದಿನ ಆಸ್ಪತ್ರೆಗೆ ಇನ್ನೊಂದು ಗಂಟೆ ಮುಂಚೆ ಕರ್ಕೊಂಡು ಹೋಗಿದ್ರೆ ಅನ್ನೋ ಒಂದೇ ಯೋಚನೆ. ಒಂದು ಭಾನುವಾರ ಗದ್ದೆ ಲೆಕ್ಕ ನೋಡೋಕೆ ಅಂತ ಊರಿಗೆ ಹೋದೆ. ನಮ್ಮದು ಭದ್ರಾ ನಾಲೆ ನೀರಿನ ಭತ್ತದ ಗದ್ದೆ, ಮೂಲೇಲಿ ಹಳೇ ಬಾವಿ, ಬಾವಿ ಮೇಲೆ ಬಾಗಿರೋ ಈಚಲ ಮರ. ಲೆಕ್ಕದ ಬುಕ್ಕು ತೊಡೆ ಮೇಲೆ ಇಟ್ಕೊಂಡು ಬಾವಿಕಟ್ಟೆ ಮೇಲೆ ಕೂತೆ, ಒಂದು ಸಾಲೂ ತಲೆಗೆ ಹೋಗ್ಲಿಲ್ಲ.

ಆಗ ಒಂದು ಹಕ್ಕಿ ನನ್ನ ಕಾಲ ಹತ್ರಾನೇ ಭತ್ತದ ಗರಿ ಮೇಲೆ ಕೂತ್ಕೊಳ್ತು. ತಲೆ ಮೇಲೆ ಅರಿಶಿನ ಬಳಿದಂಗೆ ಹಳದಿ, ಮುಖ ಕಪ್ಪು. ಗರಿಯ ಅಂಚನ್ನ ಕೊಕ್ಕಲ್ಲಿ ಒಂಚೂರು ಕಚ್ಚಿ ಗಾಯ ಮಾಡ್ತು, ಆ ತುದಿ ಹಿಡ್ಕೊಂಡು ಸರ್ ಅಂತ ಹಾರಿದ್ರೆ ಉದ್ದಕ್ಕೆ ಎಳೆ ಸೀಳ್ಕೊಂಡು ಬಂತು! ನಮ್ಮಜ್ಜಿ ಬಾಳೆ ನಾರು ಸೀಳ್ತಿದ್ದಂಗೇ. ಹೋಗಿ ಈಚಲ ಗರಿಯ ತುದಿಗೆ ಅದನ್ನ ಒಳಗೆ ಹೊರಗೆ ಹೆಣೀತು, ಮತ್ತೆ ಬಂತು, ಮತ್ತೆ ಸೀಳ್ತು. ಒಂದು ಗೂಡಿಗೆ ಹಿಂಗೆ ನೂರಾರು ಸಲ ಓಡಾಡುತ್ತೆ. ಗೂಡು ಅರ್ಧಕ್ಕೆ ಬಂದಿತ್ತು, ಹೆಲ್ಮೆಟ್ ತೂಗುಹಾಕಿದಂಗೆ ಇತ್ತು. ಗಂಡು ಅಷ್ಟಕ್ಕೆ ನಿಲ್ಲಿಸಿ ರೆಕ್ಕೆ ಬಡಿದು ಕೂಗುತ್ತೆ, ಹೆಣ್ಣು ಬಂದು ಪರೀಕ್ಷೆ ಮಾಡುತ್ತೆ. ಒಪ್ಪಿದ್ರೆ ಮಾತ್ರ ಉದ್ದ ಕೊಳವೆ ಹೆಣೆದು ಪೂರ್ತಿ ಮಾಡೋದು, ಇಲ್ಲಾಂದ್ರೆ ಆ ಗೂಡು ಬಿಟ್ಟು ಬೇರೆ ಶುರು ಮಾಡುತ್ತೆ. ನಾನು ನೋಡ್ತಿದ್ದಂಗೇ ಒಂದು ಹೆಣ್ಣು ಬಂತು, ಗುಬ್ಬಿ ಥರ ಮಂಕು ಬಣ್ಣ, ಒಳಗೆ ಹೊಕ್ಕು ಒಂದು ಎಳೆ ಎಳೆದು ನೋಡ್ತು, ಹೊರಗೆ ಬಂತು, ಮತ್ತೆ ಒಳಗೆ ಹೋಯ್ತು. ನಾನು ಉಸಿರು ಬಿಗಿ ಹಿಡ್ಕೊಂಡಿದೀನಿ, ಹೂಂ ಅನ್ನು ತಾಯಿ ಅಂತ!

ಅಷ್ಟೊತ್ತಿಗೆ ನಮ್ಮ ಚಿಕ್ಕಪ್ಪ ಬಂದು "ಯಾಕವ್ವಾ ಬಿಸಿಲಾಗೆ ಕುಂತಿ, ಮುದ್ದೆ ಆರ್ತೈತೆ" ಅಂದ್ರು. ಟೈಮ್ ನೋಡಿದ್ರೆ ಇಪ್ಪತ್ತೈದು ನಿಮಿಷ ಆಗಿತ್ತು. ಆ ಇಪ್ಪತ್ತೈದು ನಿಮಿಷ ಆಸ್ಪತ್ರೆ ನೆನಪಾಗಿರ್ಲಿಲ್ಲ. ಎರಡು ತಿಂಗಳಲ್ಲಿ ಅದೇ ಮೊದಲು. ಅವತ್ತು ಮುದ್ದೆ ಪೂರ್ತಿ ತಿಂದೆ, ಮೇಲೆ ಸಾರು ಹಾಕಿಸ್ಕೊಂಡೆ. ಅಪ್ಪನ ದುಃಖ ಹೋಯ್ತಾ? ಇಲ್ಲ, ರಾತ್ರಿ ಮತ್ತೆ ಅತ್ತೆ. ಆದ್ರೆ ಎತ್ತು ಒಂದು ಸಲ ನಿಂತಿತ್ತು, ನಿಲ್ಲಬಹುದು ಅಂತ ನನಗೆ ಗೊತ್ತಾಯ್ತು. ಡಾಕ್ಟ್ರಾಗಿ ಕಲ್ತಿದ್ದನ್ನ ಬಾವಿಕಟ್ಟೆ ಮೇಲೆ ಮತ್ತೆ ಕಲ್ತೆ.

ಇದು ನನ್ನೊಬ್ಬಳ ಕಥೆ ಅಂದ್ಕೋಬೇಡಿ. ಅಮೆರಿಕದ ಪೆನ್ಸಿಲ್ವೇನಿಯಾದ ಒಂದು ಆಸ್ಪತ್ರೆಯ ಲೆಕ್ಕ ತೆಗೆದು ರೋಜರ್ ಉಲ್ರಿಚ್ ಅನ್ನೋರು 1984ರಲ್ಲಿ ಬರೆದ್ರು. ಪಿತ್ತಕೋಶದ ಆಪರೇಷನ್ ಆದ 46 ಜನ, ಅರ್ಧ ಜನಕ್ಕೆ ಕಿಟಕಿಯಿಂದ ಮರ ಕಾಣ್ತಿತ್ತು, ಇನ್ನರ್ಧಕ್ಕೆ ಇಟ್ಟಿಗೆ ಗೋಡೆ. ಮರ ಕಂಡೋರು ಸರಾಸರಿ ಮುಕ್ಕಾಲು ದಿನ ಬೇಗ ಮನೆಗೆ ಹೋದ್ರು, ನೋವಿಗೆ ಕೊಡೋ ಜೋರಾದ ಔಷಧೀನೂ ಕಮ್ಮಿ ತಗೊಂಡ್ರು. ಇಂಗ್ಲೆಂಡಿನಲ್ಲಿ ಹತ್ತತ್ರ 20,000 ಜನರ ಮಾಹಿತಿ ನೋಡಿ 2019ರಲ್ಲಿ ಇನ್ನೊಂದು ವರದಿ ಬಂತು, ವಾರಕ್ಕೆ 120 ನಿಮಿಷ ಹಸಿರಲ್ಲಿ ಕಳೆಯೋರು ನಾವು ಚೆನ್ನಾಗಿದೀವಿ ಅಂತ ಹೇಳೋದು ಜಾಸ್ತಿ. ದಿನಕ್ಕೆ ಎಷ್ಟಾಯ್ತು, ಹದಿನೇಳು ನಿಮಿಷ. ನಾನು ಕೇಳ್ತಿರೋದು ಐದು.

ಟೈಮ್ ಇಲ್ಲ ಡಾಕ್ಟ್ರೇ ಅನ್ನಬೇಡಿ. ರೀಲ್ಸ್ ನೋಡೋಕೆ ಎಲ್ಲಿಂದ ಬಂತು ಟೈಮು? ಮೊಬೈಲ್ ನಮ್ಮ ಗಮನಾನ ಕಿತ್ಕೊಂಡು ಸುಸ್ತು ಮಾಡುತ್ತೆ. ಎಲೆ ಅಲ್ಲಾಡೋದು ನೋಡಿ ಯಾರೂ ಸುಸ್ತಾಗಿಲ್ಲ.

ದುರ್ಗದೋರಿಗೆ ಚಂದ್ರವಳ್ಳಿ ಇದೆ, ಜೋಗಿಮಟ್ಟಿ ಗಾಳಿ ಇದೆ, ದಾವಣಗೆರೆಯೋರಿಗೆ ಕುಂದವಾಡ ಕೆರೆ ಏರಿ ಇದೆ, ಹೋಗೋಕಾದ್ರೆ ಹೋಗಿ. ಆಗಲ್ವಾ, ಮನೆ ಮುಂದಿನ ತುಳಸಿ ಸಾಕು, ಬೆಳಿಗ್ಗೆ ಅದಕ್ಕೆ ನೀರು ಹಾಕ್ತೀರಲ್ಲ, ಹಾಕಿ ಓಡಬೇಡಿ, ಅದರ ಹೂವಿಗೆ ಸಣ್ಣ ಜೇನು ಬರುತ್ತೆ, ಅದು ಹೋಗೋ ತನಕ ನಿಂತ್ಕೊಳ್ಳಿ. ಚಳ್ಳಕೆರೆ ಕಡೆಯೋರು ಮಳೆ ನಾಲ್ಕು ಹನಿ ಬಿದ್ರೂ ಹೊರಗೆ ಬನ್ನಿ. ಆ ಮಣ್ಣಿನ ವಾಸನೆ ಇದೆಯಲ್ಲ, ಮಣ್ಣೊಳಗಿನ ಬ್ಯಾಕ್ಟೀರಿಯಾ ಮಾಡೋ ಜಿಯಾಸ್ಮಿನ್ ಅನ್ನೋ ವಸ್ತುವಿಂದ ಬರೋದು, ಚೂರೇ ಚೂರಿದ್ರೂ ನಮ್ಮ ಮೂಗಿಗೆ ಗೊತ್ತಾಗುತ್ತೆ.

ಟೈಮ್ ಆಯ್ತು ಅಂತ ಕೈ ತೋರಿಸ್ತಿದಾರೆ. ಒಂದು ಮಾತು ಬಿಡೋ ಹಂಗಿಲ್ಲ. ಎರಡು ವಾರ ಆದ್ರೂ ಮಂಕು ಹೋಗ್ತಿಲ್ಲ, ನಿದ್ದೆ ಊಟ ಕೆಟ್ಟಿದೆ, ಸಾಯೋ ಯೋಚನೆ ಬರ್ತಿದೆ ಅಂದ್ರೆ ಗಿಡ ನೋಡ್ಕೊಂಡು ಕೂರಬೇಡಿ, ಡಾಕ್ಟ್ರ ಹತ್ರ ಬನ್ನಿ. ಟೆಲಿ ಮಾನಸ್ ಅಂತ ಸರ್ಕಾರದ ಫೋನ್ ಲೈನ್ ಇದೆ, 14416, ದುಡ್ಡಿಲ್ಲ, ಹಗಲು ರಾತ್ರಿ ಇರುತ್ತೆ, ಕನ್ನಡದಲ್ಲೇ ಮಾತಾಡ್ತಾರೆ. ಬರ್ಕೊಳ್ಳಿ, 14416.

ಬರ್ಕೊಂಡ್ರಾ? ಹಂಗಾದ್ರೆ ಒಲೆ ಸಣ್ಣ ಮಾಡಿ ಅಕ್ಕ, ಮೊಬೈಲ್ ಗಲ್ಲಾದಲ್ಲಿ ಇಡಿ ಅಣ್ಣ, ಬಾಗಿಲ ಹೊರಗೆ ಹೋಗಿ. ನಮಸ್ಕಾರ.