ಬೆಂಗಳೂರಿನ ಕಲಾ ಸಂಗ್ರಹಾಲಯಗಳಿಗೆ ಮಲೆನಾಡಿನಿಂದ ಹೊರಟಾಗ

ಕೇಳುಗರೆಲ್ಲರಿಗೂ ನಮಸ್ಕಾರ.

ಸಾಗರ, ತೀರ್ಥಹಳ್ಳಿ, ಹೊಸನಗರದ ಕಡೆಯಿಂದ ಬೆಂಗಳೂರಿಗೆ ಹೋಗುವವರಿಗೆ ಸಾಮಾನ್ಯವಾಗಿ ಆಸ್ಪತ್ರೆಯ ಕೆಲಸವೋ, ಮದುವೆಯೋ, ಮಕ್ಕಳ ಕಾಲೇಜಿನ ವಿಚಾರವೋ ಇರುತ್ತದೆ. ಚಿತ್ರ ನೋಡುವುದಕ್ಕೆಂದೇ ಹೋಗುವವರು ಕಡಿಮೆ. ಹೋದವರೂ ಬೆಳಿಗ್ಗೆ ಹತ್ತಕ್ಕೆ ಶುರು ಮಾಡಿ ಸಂಜೆಯೊಳಗೆ ನಾಲ್ಕು ಸಂಗ್ರಹಾಲಯ ಮುಗಿಸುವ ಲೆಕ್ಕ ಹಾಕಿರುತ್ತಾರೆ. ಆ ಲೆಕ್ಕ ಕೂಡುವುದಿಲ್ಲ. ಎರಡನೆಯ ಕಟ್ಟಡದ ಅರ್ಧಕ್ಕೆ ಬರುವಷ್ಟರಲ್ಲಿ ಕಾಲು ಸೋತಿರುತ್ತದೆ, ಅದಕ್ಕೂ ಮೊದಲೇ ಕಣ್ಣು ಸೋತಿರುತ್ತದೆ. ಆಮೇಲೆ ನಡೆಯುವುದು ಗೋಡೆಯ ಪಕ್ಕದ ನಡಿಗೆ ಅಷ್ಟೆ. ಅರ್ಧ ದಿನಕ್ಕೆ ಒಂದು ಸಂಗ್ರಹಾಲಯ, ಅದರಲ್ಲಿ ನಿಂತು ನೋಡಲು ಹತ್ತೋ ಹನ್ನೆರಡೋ ಕೃತಿ. ಇಷ್ಟಕ್ಕೆ ಮನಸ್ಸು ಒಪ್ಪಿಸಿಕೊಂಡು ಹೊರಟರೆ ಹೋದ ಪ್ರಯಾಣ ಸಾರ್ಥಕವಾಗುತ್ತದೆ.

ಮೊದಲು ಊರಿನ ನಕ್ಷೆ. ಬೆಂಗಳೂರಿನ ಮುಖ್ಯ ಕಲಾ ಸಂಗ್ರಹಾಲಯಗಳು ಎರಡು ಗುಂಪಾಗಿವೆ. ಒಂದು ಗುಂಪು ಕಸ್ತೂರಬಾ ರಸ್ತೆಯದು. ಅಲ್ಲಿ ಸರ್ಕಾರಿ ವಸ್ತುಸಂಗ್ರಹಾಲಯ, ಅದರ ಮಗ್ಗುಲಲ್ಲೇ ವೆಂಕಟಪ್ಪ ಆರ್ಟ್ ಗ್ಯಾಲರಿ, ಅದೇ ರಸ್ತೆಯಲ್ಲಿ 2023ರ ಫೆಬ್ರವರಿಯಲ್ಲಿ ತೆರೆದ ಮ್ಯಾಪ್, ಅಂದರೆ ಮ್ಯೂಸಿಯಂ ಆಫ್ ಆರ್ಟ್ ಅಂಡ್ ಫೋಟೋಗ್ರಫಿ ಇವೆ. ಇನ್ನೊಂದು ಗುಂಪಿನಲ್ಲಿ ಕುಮಾರಕೃಪಾ ರಸ್ತೆಯ ಕರ್ನಾಟಕ ಚಿತ್ರಕಲಾ ಪರಿಷತ್ತು ಮತ್ತು ಅರಮನೆ ರಸ್ತೆಯ ಮಾಣಿಕ್ಯವೇಲು ಮಹಲಿನಲ್ಲಿರುವ ರಾಷ್ಟ್ರೀಯ ಆಧುನಿಕ ಕಲಾ ಸಂಗ್ರಹಾಲಯ. ಪರಿಷತ್ತಿನಿಂದ ಮಹಲಿಗೆ ಆಟೋದಲ್ಲಿ ಹೋಗುವಷ್ಟೇ ದೂರ. ಒಂದು ದಿನ ಒಂದು ಗುಂಪು, ಮರುದಿನ ಇನ್ನೊಂದು. ಎರಡನ್ನೂ ಒಂದೇ ದಿನಕ್ಕೆ ಬೆರೆಸಿದರೆ ಮಧ್ಯಾಹ್ನದ ಒಳ್ಳೆಯ ಹೊತ್ತೆಲ್ಲ ಟ್ರಾಫಿಕ್ಕಿಗೆ ಹೋಗುತ್ತದೆ.

ತಾಳಗುಪ್ಪದಿಂದ ಬರುವ ರಾತ್ರಿ ರೈಲು ಹಿಡಿದರೆ ಬೆಂಗಳೂರಿನಲ್ಲಿ ಬೆಳಕು ಹರಿಯುವ ಮೊದಲೇ ಇಳಿಯುತ್ತೀರಿ. ಗ್ಯಾಲರಿಗಳ ಬಾಗಿಲು ತೆರೆಯುವುದು ಹತ್ತಕ್ಕೋ ಹನ್ನೊಂದಕ್ಕೋ. ನಡುವಿನ ಹೊತ್ತಿನಲ್ಲಿ ಸ್ನಾನ, ತಿಂಡಿ, ಸಾಧ್ಯವಾದರೆ ಒಂದು ಗಂಟೆ ನಿದ್ದೆ ಆಗಬೇಕು. ನಿದ್ದೆಗೆಟ್ಟ ಕಣ್ಣಿಗೆ ಮಂದ ಬೆಳಕಿನ ಕೋಣೆ ಜೋಗುಳ ಹಾಡಿಬಿಡುತ್ತದೆ. ಬ್ಯಾಗನ್ನು ರೈಲು ನಿಲ್ದಾಣದ ಕ್ಲೋಕ್ ರೂಮಿನಲ್ಲಿ ಇಡಬಹುದು. ಆದರೆ ಬೀಗ ಹಾಕದ ಬ್ಯಾಗನ್ನು ಅಲ್ಲಿ ತೆಗೆದುಕೊಳ್ಳುವುದಿಲ್ಲ, ಟಿಕೆಟ್ಟನ್ನೂ ತೋರಿಸಬೇಕು. ಹಾಗಾಗಿ ಮನೆಯಿಂದಲೇ ಒಂದು ಸಣ್ಣ ಬೀಗ ಇಟ್ಟುಕೊಂಡಿರಿ. ಕಸ್ತೂರಬಾ ರಸ್ತೆಗೆ ಮೆಜೆಸ್ಟಿಕ್‌ನಿಂದ ನೇರಳೆ ಮಾರ್ಗದ ಮೆಟ್ರೋ ಹತ್ತಿ ಮೂರನೆಯ ನಿಲ್ದಾಣವಾದ ಕಬ್ಬನ್ ಪಾರ್ಕಿನಲ್ಲಿ ಇಳಿದರೆ ಉಳಿದದ್ದು ನಡೆಯುವ ದೂರ.

ಮಲೆನಾಡಿನವರು ಎಡವುವುದು ಹೆಚ್ಚಾಗಿ ವಾರದ ಲೆಕ್ಕದಲ್ಲಿ. ಭಾನುವಾರದ ಮದುವೆ ಮುಗಿಸಿ, ಸೋಮವಾರ ಮ್ಯೂಸಿಯಂ ನೋಡಿ ರಾತ್ರಿ ರೈಲಿಗೆ ವಾಪಸ್ ಎಂದುಕೊಂಡಿರುತ್ತಾರೆ. ಸೋಮವಾರ ಕಸ್ತೂರಬಾ ರಸ್ತೆಯ ಸಂಗ್ರಹಾಲಯಗಳಿಗೂ ಮಾಣಿಕ್ಯವೇಲು ಮಹಲಿಗೂ ರಜೆ. ಚಿತ್ರಕಲಾ ಪರಿಷತ್ತಿನಲ್ಲಿ ಪ್ರದರ್ಶನಗಳಿಗೆ ಬಾಡಿಗೆಗೆ ಕೊಡುವ ಸಭಾಂಗಣಗಳ ವೇಳಾಪಟ್ಟಿಯೇ ಬೇರೆ, ಶಾಶ್ವತ ಸಂಗ್ರಹದ ವೇಳಾಪಟ್ಟಿಯೇ ಬೇರೆ. ಹಳೆಯ ಕಟ್ಟಡಗಳು ದುರಸ್ತಿಗೆಂದು ತಿಂಗಳುಗಟ್ಟಲೆ ಮುಚ್ಚುವುದೂ ಉಂಟು. ಹೊರಡುವ ಹಿಂದಿನ ದಿನ ಒಂದು ಫೋನ್ ಮಾಡಿ. ತೆರೆದಿದೆಯಾ ಎಂದಷ್ಟೇ ಕೇಳಿದರೆ ಸಾಲದು, ಯಾವ ಯಾವ ಕೋಣೆ ತೆರೆದಿದೆ ಎಂದೂ ಕೇಳಿ.

ಒಳಗೆ ಕಾಲಿಟ್ಟ ಕೂಡಲೇ ಬಹಳ ಜನ ಹೇಳುವ ಮಾತು, ‘ಇದೇನು, ಇಷ್ಟು ಕತ್ತಲೆ’. ಅದಕ್ಕೆ ಕಾರಣವಿದೆ. ಜಲವರ್ಣ, ಕಾಗದದ ಮೇಲಿನ ರೇಖಾಚಿತ್ರ, ಬಟ್ಟೆ, ಹಳೆಯ ಫೋಟೋ, ಇವುಗಳ ಮೇಲೆ ಸುಮಾರು 50 ಲಕ್ಸ್‌ಗಿಂತ (ಲಕ್ಸ್ ಎಂದರೆ ಮೇಲೆ ಬೀಳುವ ಬೆಳಕನ್ನು ಅಳೆಯುವ ಮಾನ) ಹೆಚ್ಚು ಬೆಳಕು ಬೀಳಬಾರದು ಎಂಬುದು ಸಂಗ್ರಹಾಲಯಗಳು ಪಾಲಿಸುವ ಅಳತೆ. ತೈಲವರ್ಣಕ್ಕೆ ಸುಮಾರು 200 ಲಕ್ಸ್. ಬೆಳಕಿನಿಂದ ಮಾಸಿದ ಬಣ್ಣ ಮತ್ತೆ ಬರುವುದಿಲ್ಲ, ಇಂದು ಬಿದ್ದ ಬೆಳಕಿನ ಹಾನಿ ನಿನ್ನೆಯದರ ಮೇಲೆ ಸೇರುತ್ತಾ ಹೋಗುತ್ತದೆ. ಫ್ಲ್ಯಾಷ್ ಬೇಡ ಎನ್ನುವುದಕ್ಕೂ ಇದೇ ಕಾರಣ. ಬಿಸಿಲಿನಿಂದ ಬಂದವರು ಐದು ನಿಮಿಷ ಬೆಂಚಿನ ಮೇಲೆ ಕುಳಿತರೆ ಕಣ್ಣು ತಾನೇ ಹೊಂದಿಕೊಳ್ಳುತ್ತದೆ.

ಕೊಡೆಯ ವಿಷಯವನ್ನೂ ಹೇಳಬೇಕು. ನೆನೆದ ಕೊಡೆಯನ್ನು ಬಾಗಿಲಲ್ಲೇ ಬಿಡಿ ಎಂದರೆ ಬೇಸರ ಬೇಡ. ಗಾಳಿಯ ತೇವಾಂಶ ಶೇಕಡಾ 65, 70 ದಾಟಿ ಹಾಗೇ ನಿಂತರೆ ಕಾಗದಕ್ಕೆ ಬೂಷ್ಟು ಹಿಡಿಯುತ್ತದೆ. ಜಡಿಮಳೆಯಲ್ಲಿ ಪುಸ್ತಕದ ಕಪಾಟು ತೆರೆದು ನೋಡಿದ ಮಲೆನಾಡಿನವರಿಗೆ ಇದನ್ನು ಯಾರೂ ವಿವರಿಸಬೇಕಾಗಿಲ್ಲ. ಬೆನ್ನಿನ ಬ್ಯಾಗನ್ನೂ ಹೊರಗೇ ಇಡಿ. ತಿರುಗುವಾಗ ಚೌಕಟ್ಟಿಗೆ ತಾಗುವುದು ಕೈಗಿಂತ ಹೆಚ್ಚಾಗಿ ಬೆನ್ನಿನ ಬ್ಯಾಗೇ. ಟಿಪ್ಪಣಿ ಬರೆಯಲು ಪೆನ್ಸಿಲ್ ಒಯ್ಯಿರಿ, ಶಾಯಿಯ ಪೆನ್ನು ಬೇಡ.

ಕೋಣೆಗೆ ಹೋದ ಮೇಲೆ ಮೊದಲು ಏನನ್ನೂ ಓದದೆ ಒಂದು ಸುತ್ತು ಹಾಕಿ ಬನ್ನಿ. ಯಾವ ಎರಡು ಮೂರು ಕೃತಿ ಕಾಲನ್ನು ತಡೆಯುತ್ತವೋ ಅವಕ್ಕೆ ಮರಳಿ. ಚಿತ್ರದ ಕರ್ಣದ, ಅಂದರೆ ಮೂಲೆಯಿಂದ ಎದುರು ಮೂಲೆಗಿರುವ ಉದ್ದದ, ಒಂದೂವರೆಪಟ್ಟು ದೂರದಲ್ಲಿ ನಿಂತರೆ ಇಡೀ ಚಿತ್ರ ಕಣ್ಣಿಗೆ ತುಂಬುತ್ತದೆ. ಆಮೇಲೆ ಒಂದು ಕೈಯಳತೆಯಷ್ಟು ಹತ್ತಿರ ಹೋಗಿ. ಗಾಜಿನಲ್ಲಿ ನಿಮ್ಮದೇ ಮುಖ ಕಂಡರೆ ಒಂದು ಹೆಜ್ಜೆ ಪಕ್ಕಕ್ಕೆ ಸರಿಯಿರಿ. ಫಲಕ ಓದುವುದು ಕೊನೆಗೆ. ಅದರಲ್ಲೂ ಹೆಸರಿಗಿಂತ ಮುಖ್ಯವಾದದ್ದು ಮಾಧ್ಯಮದ ಸಾಲು. ತೈಲವೋ, ಜಲವರ್ಣವೋ, ಮೊಟ್ಟೆಯ ಲೋಳೆಯಂಥ ಅಂಟಿನಲ್ಲಿ ಬಣ್ಣ ಕಲಸುವ ಟೆಂಪೆರಾವೋ ಎಂದು ತಿಳಿದರೆ ಎಲ್ಲಿ ನಿಂತು ಏನನ್ನು ನೋಡಬೇಕು ಎಂಬುದೂ ತಿಳಿಯುತ್ತದೆ.

ಚಿತ್ರಕಲಾ ಪರಿಷತ್ತು 1960ರಲ್ಲಿ ಸ್ಥಾಪನೆಯಾದದ್ದು. ಅದರ ಮೈಸೂರು ಸಾಂಪ್ರದಾಯಿಕ ಚಿತ್ರಗಳ ವಿಭಾಗಕ್ಕೆ ಕಡಿಮೆಯೆಂದರೂ ಒಂದು ಗಂಟೆ ಕೊಡಿ. ಈ ಚಿತ್ರಗಳನ್ನು ಎದುರಿನಿಂದ ಮಾತ್ರ ನೋಡಿದರೆ ಅರ್ಧ ಕಂಡಂತೆ. ಪಕ್ಕಕ್ಕೆ ಬಂದು ಓರೆಯಾಗಿ ನೋಡಿ. ಕಿರೀಟ, ಸೆರಗಿನ ಅಂಚು, ಮಂಟಪದ ಕಂಬಗಳ ಮೇಲೆ ಚಿನ್ನದ ರೇಕು ಕೂದಲೆಳೆಯಷ್ಟು ಉಬ್ಬಿ ನಿಂತಿರುತ್ತದೆ. ಆ ಉಬ್ಬು ಬರುವುದು ಮಕ್ಕಿ ಸಫೇದದಿಂದ. ಬಿಳಿ ಪುಡಿಗೆ ಅಂಟು ಮತ್ತು ಮಕ್ಕಿ ಎಂಬ ಹಳದಿ ರಾಳ ಬೆರೆಸಿ, ತೆಳು ಕುಂಚದಲ್ಲಿ ಎಳೆ ಎಳೆಯಾಗಿ ಇಟ್ಟು, ಒಣಗಿದ ಮೇಲೆ ರೇಕು ಕೂರಿಸುತ್ತಾರೆ. ತಂಜಾವೂರು ಚಿತ್ರಗಳಲ್ಲಿ ಈ ಲೇಪ ದಪ್ಪ, ಮೈಸೂರಿನದರಲ್ಲಿ ತೆಳುವು. ಎರಡೂ ಅಕ್ಕಪಕ್ಕ ಸಿಕ್ಕಿದರೆ ಈ ಒಂದು ಗುರುತಿನಿಂದಲೇ ಬೇರ್ಪಡಿಸಬಹುದು. ಮಕ್ಕಿ ಕೊಡುವ ಮರ ನಮ್ಮ ಮುರುಗಲು, ಉಪ್ಪಾಗೆಗಳ ಕುಲದ್ದೇ. ಸಾಗರದ ಕಡೆ ದೀವರ ಸಮುದಾಯದ ಹೆಣ್ಣುಮಕ್ಕಳು ಮನೆಯ ಗೋಡೆಯ ಹಸೆ ಚಿತ್ತಾರಕ್ಕೆ ಕೆಮ್ಮಣ್ಣು, ಅಕ್ಕಿಯ ಬಿಳಿ, ಗುರಿಗೆ ಕಾಯಿಯ ಹಳದಿ ಬಳಸಿ ಪುಂಡಿ ನಾರಿನ ಕುಂಚದಲ್ಲಿ ಗೆರೆ ಎಳೆಯುತ್ತಾರಲ್ಲ, ಅದನ್ನು ನೋಡಿ ಬೆಳೆದ ಕಣ್ಣಿಗೆ ಆಸ್ಥಾನದ ಈ ಚಿತ್ರಗಳ ಗೆರೆಯ ಬಿಗಿ ಬೇಗ ಹಿಡಿಸುತ್ತದೆ.

ಪರಿಷತ್ತಿನಲ್ಲಿಯೇ ರಷ್ಯಾ ಮೂಲದ ಚಿತ್ರಕಾರರಾದ ರೋರಿಕ್ ತಂದೆ ಮಗನ ಚಿತ್ರಗಳಿವೆ. ನಿಕೊಲಾಯ್ ರೋರಿಕ್ ಬರೆದ ಹಿಮಾಲಯವನ್ನು ಸ್ವಲ್ಪ ದೂರದಿಂದಲೇ ನೋಡಬೇಕು. ಹತ್ತಿರ ಹೋದರೆ ಚಪ್ಪಟೆ ಬಣ್ಣದ ಪಟ್ಟಿಗಳು, ಹಿಂದಕ್ಕೆ ಬಂದರೆ ಬೆಟ್ಟದ ಹಿಂದೆ ಬೆಟ್ಟ. ತೊಗಲುಗೊಂಬೆಗಳ ಹತ್ತಿರ ಮಾತ್ರ ಹಿಂಬದಿಯಿಂದ ಬೆಳಕು ಬಿದ್ದಿದೆಯಾ ನೋಡಿಕೊಳ್ಳಿ. ಹದ ಮಾಡಿದ ತೊಗಲಿನ ಬಣ್ಣ ಬೆಳಕು ಒಳಗಿನಿಂದ ಹಾದಾಗಲೇ ಅರಳುವುದು. ಪರಿಷತ್ತಿಗೆ ಹೋದ ಎಷ್ಟೋ ಜನ ಬಾಡಿಗೆ ಸಭಾಂಗಣದ ಪ್ರದರ್ಶನ ನೋಡಿ, ಸಂಗ್ರಹಾಲಯ ಇಷ್ಟೇ ಎಂದು ತಿಳಿದು ಹೊರಬರುತ್ತಾರೆ. ಟಿಕೆಟ್ ಕೊಡುವಲ್ಲಿ ಶಾಶ್ವತ ಸಂಗ್ರಹ ಎಲ್ಲಿದೆ ಎಂದು ಕೇಳಿಯೇ ಮುಂದೆ ಹೋಗಿ. ಜನವರಿಯ ಚಿತ್ರಸಂತೆಯ ದಿನ ಕುಮಾರಕೃಪಾ ರಸ್ತೆ ಜನರಿಂದ ತುಂಬಿರುತ್ತದೆ. ಸಂತೆಗೆಂದೇ ಬನ್ನಿ, ಆ ದಿನ ಸಂಗ್ರಹಾಲಯ ನೋಡುವ ಆಸೆ ಬೇಡ.

ಮಾಣಿಕ್ಯವೇಲು ಮಹಲಿನಲ್ಲಿ ರಾಷ್ಟ್ರೀಯ ಸಂಗ್ರಹಾಲಯದ ಶಾಖೆ ತೆರೆದದ್ದು 2009ರಲ್ಲಿ. ಅಲ್ಲಿ ಕೃತಿಗಳನ್ನು ಬದಲಾಯಿಸುತ್ತಾ ಇರುತ್ತಾರೆ, ಇಂಥದ್ದೇ ಇರುತ್ತದೆ ಎಂದು ನಂಬಿ ಹೋಗಬೇಡಿ. ತೈಲವರ್ಣ ಸಿಕ್ಕಿದರೆ ಒಂದು ಕೆಲಸ ಮಾಡಿ. ನಮ್ಮ ಎಷ್ಟೋ ಮನೆಗಳ ಜಗಲಿಯಲ್ಲಿ ರವಿವರ್ಮನ ಲಕ್ಷ್ಮಿಯೋ ಸರಸ್ವತಿಯೋ ಇದ್ದಾಳೆ. ಅದು ಕಲ್ಲಚ್ಚಿನ ಮುದ್ರಣ. ರವಿವರ್ಮನ ಮುದ್ರಣಾಲಯ 1894ರಲ್ಲಿ ಮುಂಬಯಿಯಲ್ಲಿ ಶುರುವಾಯಿತು. ಒಂದೊಂದು ಬಣ್ಣಕ್ಕೂ ಒಂದೊಂದು ಕಲ್ಲು ಸಿದ್ಧಮಾಡಿ, ಅದೇ ಹಾಳೆಯ ಮೇಲೆ ಒಂದರ ಮೇಲೊಂದು ಒತ್ತುತ್ತಿದ್ದರು. ಹೊರಡುವ ಮೊದಲು ಮನೆಯ ಚಿತ್ರದ ಕೆನ್ನೆಯ ಭಾಗವನ್ನು ಭೂತಗನ್ನಡಿಯಲ್ಲಿ ನೋಡಿ, ಸಣ್ಣ ಸಣ್ಣ ಚುಕ್ಕೆಗಳು ಕಾಣುತ್ತವೆ. ಗ್ಯಾಲರಿಯ ತೈಲವರ್ಣದಲ್ಲಿ ಚುಕ್ಕೆ ಇರುವುದಿಲ್ಲ. ಕುಂಚ ಎಳೆದ ಸಾಲು, ಬಣ್ಣ ದಪ್ಪಗೆ ನಿಂತ ಏಣು, ಕಾಲ ಕಳೆದಂತೆ ಬಿಟ್ಟ ಬಿರುಕು ಇರುತ್ತವೆ. ಮುದ್ರಣವೆಂದು ಕೀಳಾಗಿ ಕಾಣುವ ಅಗತ್ಯವೂ ಇಲ್ಲ. ಮ್ಯಾಪ್‌ನವರು ಇಂಥ ಮುದ್ರಿತ ಚಿತ್ರಗಳನ್ನು ಮುತುವರ್ಜಿಯಿಂದ ಸಂಗ್ರಹಿಸಿದ್ದಾರೆ.

ಆ ಮ್ಯಾಪ್ ಕಟ್ಟಡ ಹೊರಗಿನಿಂದ ಉಕ್ಕಿನ ನೀರಿನ ಟ್ಯಾಂಕಿನ ಹಾಗೆ ಕಾಣುತ್ತದೆ, ಗುರುತು ಸುಲಭ. ಲಿಫ್ಟಿನಲ್ಲಿ ಮೇಲೆ ಹೋಗಿ ಇಳಿಯುತ್ತಾ ನೋಡಿದರೆ ಕಾಲಿಗೆ ಸುಖ. ಅದೇ ರಸ್ತೆಯ ವೆಂಕಟಪ್ಪ ಗ್ಯಾಲರಿ ಚಿತ್ರಕಾರ ಕೆ. ವೆಂಕಟಪ್ಪನವರ ಹೆಸರಿನದು. 1886ರಿಂದ 1965ರವರೆಗೆ ಬದುಕಿದ್ದ ಅವರು ಕಲ್ಕತ್ತೆಯಲ್ಲಿ ಅವನೀಂದ್ರನಾಥ ಠಾಕೂರರ ಶಿಷ್ಯರಾಗಿದ್ದವರು. ಅವರ ಊಟಿಯ ಜಲವರ್ಣಗಳಲ್ಲಿ ಮಂಜು ಕವಿದ ಭಾಗವನ್ನು ಹುಡುಕಿ ನೋಡಿ. ಜಲವರ್ಣದ ಸಂಪ್ರದಾಯದಲ್ಲಿ ಬಿಳಿಯನ್ನು ಬಳಿಯುವುದಕ್ಕಿಂತ ಕಾಗದವನ್ನೇ ಬಿಳಿಯಾಗಿ ಉಳಿಸಿಕೊಳ್ಳುವುದು ಹೆಚ್ಚು. ಎಲ್ಲಿ ಬಿಡಬೇಕೆಂದು ಮೊದಲೇ ಗೊತ್ತಿರಬೇಕು, ತಪ್ಪಿದರೆ ತಿದ್ದುವಂತಿಲ್ಲ. ಆಗುಂಬೆಯ ಮಂಜು ಕಂಡವರು ಆ ಕಷ್ಟವನ್ನು ಊಹಿಸಬಲ್ಲರು.

ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿ ಹತ್ತನೆಯ ಶತಮಾನದ ಆತಕೂರಿನ ಕಲ್ಲು ಇದೆ. ಹಂದಿಯೊಡನೆ ಹೋರಾಡಿ ಸತ್ತ ಕಾಳಿ ಎಂಬ ನಾಯಿಯ ನೆನಪಿನದು. ಕಲ್ಲಿನ ಮುಂದೆ ಗಲಿಬಿಲಿಯಾಗದಿರಲು ಶಿವಮೊಗ್ಗದಲ್ಲೇ ಅಭ್ಯಾಸ ಮಾಡಬಹುದು. ಶಿವಪ್ಪನಾಯಕ ಅರಮನೆಯ ಆವರಣದಲ್ಲಿ ಇಟ್ಟಿರುವ ಶಿಲ್ಪಗಳ ಜೊತೆ ಅರ್ಧ ದಿನ ಕಳೆಯಿರಿ. ಹಂತ ಹಂತವಾಗಿ ಕೆತ್ತಿದ ವೀರಗಲ್ಲನ್ನು ಕೆಳಗಿನಿಂದ ಮೇಲಕ್ಕೆ ಓದಬೇಕು. ಕೆಳಗೆ ಕಾಳಗ, ನಡುವೆ ವೀರನನ್ನು ಒಯ್ಯುವ ಅಪ್ಸರೆಯರು, ಮೇಲೆ ಲಿಂಗಪೂಜೆ, ತುದಿಯಲ್ಲಿ ಸೂರ್ಯ ಚಂದ್ರ. ಬೆಳಿಗ್ಗೆ ಎಂಟೊಂಬತ್ತರ ಓರೆ ಬಿಸಿಲಿನಲ್ಲಿ ಕಾಣುವ ಗೆರೆಗಳು ನಡುಮಧ್ಯಾಹ್ನ ಅಳಿಸಿದಂತೆ ಕಾಣುತ್ತವೆ. ಹೊರಗೆ ನಿಂತ ಕಲ್ಲುಗಳಿಗೆ ಬೆಳಗಿನ ಹೊತ್ತೇ ಸರಿ.

ಶಾಲಾ ಮಕ್ಕಳನ್ನು ಕರೆದೊಯ್ಯುವ ಮೇಷ್ಟ್ರುಗಳಿಗೆ ಎರಡು ಮಾತು. ಎರಡು ವಾರ ಮೊದಲು ಸಂಗ್ರಹಾಲಯಕ್ಕೆ ಪತ್ರ ಬರೆಯಿರಿ. ಮಕ್ಕಳ ಸಂಖ್ಯೆ, ತರಗತಿ, ಬರುವ ಹೊತ್ತು, ಕನ್ನಡದಲ್ಲಿ ವಿವರಿಸುವವರು ಬೇಕು ಎಂಬ ಕೋರಿಕೆ, ಇಷ್ಟೂ ಅದರಲ್ಲಿರಲಿ. ನಲವತ್ತು ಮಕ್ಕಳು ಒಟ್ಟಿಗೆ ಒಂದು ಚಿತ್ರದ ಮುಂದೆ ನಿಂತರೆ ಮುಂದಿನ ಹತ್ತು ಮಕ್ಕಳಿಗೆ ಮಾತ್ರ ಕಾಣುತ್ತದೆ. ಎಂಟು ಹತ್ತು ಮಕ್ಕಳ ಗುಂಪು ಮಾಡಿ, ಒಂದೊಂದು ಗುಂಪನ್ನು ಒಂದೊಂದು ಕೋಣೆಯಿಂದ ಶುರು ಮಾಡಿಸಿ. ಪ್ರತಿ ಮಗುವೂ ತನಗೆ ಇಷ್ಟವಾದ ಒಂದೇ ಕೃತಿಯ ಮುಂದೆ ಕುಳಿತು ಹತ್ತು ನಿಮಿಷ ಪೆನ್ಸಿಲಿನಲ್ಲಿ ಬರೆಯಲಿ. ಮುಕ್ಕಾಲು ಗಂಟೆಗೊಮ್ಮೆ ಹೊರಗೆ ಕರೆತಂದು ನೀರು ಕುಡಿಸಿ. ಬುತ್ತಿ ಬಸ್ಸಿನಲ್ಲೇ ಇರಲಿ, ಒಳಗೆ ತಿನ್ನಲು ಬಿಡುವುದಿಲ್ಲ.

ನಮಸ್ಕಾರ.