ಲವ್ ಬರ್ಡ್ಸ್ ಹೆಸರಿಟ್ಟುಕೊಂಡ ಹಾರ್ಡ್ ರಾಕ್

ನಮಸ್ಕಾರ. ಮೊದಲು ಈ ಪಂಜರ ನೋಡಿ. ಒಳಗೆ ನಾಲ್ಕು ಹಕ್ಕಿ. ಎರಡು ಹಸಿರು, ಒಂದು ನೀಲಿ, ಒಂದು ಹಳದಿ. ಮೂಲೆಯಲ್ಲಿ ತೂಗುತ್ತಿರುವ ಪುಟ್ಟ ಮಡಕೆಯೇ ಇವುಗಳ ಬೆಡ್‌ರೂಮು. ಊಟಕ್ಕೆ ನವಣೆ. ತಿಂದು ಉಗುಳಿದ ಸಿಪ್ಪೆ ಗುಡಿಸುವ ಕೆಲಸ ನನ್ನದು, ಯಾಕೆಂದರೆ ಹಕ್ಕಿ ಬೇಕು ಅಂತ ಹಟ ಮಾಡಿದ ಅಕ್ಕನ ಮಗಳಿಗೆ ಸ್ಕೂಲಿಗೆ ಹೊತ್ತಾಗುತ್ತದೆ. ನಮ್ಮ ಕಡೆ ಎಲ್ಲರೂ ಇವನ್ನು ಲವ್ ಬರ್ಡ್ಸ್ ಅಂತಲೇ ಕರೆಯುತ್ತಾರೆ. ನಿಜವಾದ ಲವ್ ಬರ್ಡ್ಸ್ ಬೇರೆ, ಅವು ಆಫ್ರಿಕಾದವು. ಇವು ಆಸ್ಟ್ರೇಲಿಯಾ ಮೂಲದ ಚಿಕ್ಕ ಗಿಳಿಗಳು. ಇವುಗಳ ಹೆಸರು ಬಡ್ಜಿ.

ಗಾಬರಿಯಾಗಬೇಡಿ, ಇದು ಹಕ್ಕಿ ಸಾಕುವ ವ್ಲಾಗ್ ಅಲ್ಲ. ಇದೇ ಹೆಸರಿನ ಒಂದು ಬ್ಯಾಂಡ್ ಇತ್ತು. ವೇಲ್ಸ್ ದೇಶದ ಕಾರ್ಡಿಫ್ ಊರಿನದು. ಮೂರೇ ಜನ. ಎಪ್ಪತ್ತರ ದಶಕದಲ್ಲಿ ಕಿವಿ ಗುಂಯ್ ಅನ್ನುವಂತೆ ಬಾರಿಸುತ್ತಿದ್ದರು. ಅಷ್ಟು ಭಾರದ ಸಂಗೀತಕ್ಕೆ ಅದರ ತದ್ವಿರುದ್ಧವಾದ ಹೆಸರಿರಲಿ ಅಂತ ಬೇಕೆಂದೇ ಈ ಪುಟಾಣಿ ಹಕ್ಕಿಯ ಹೆಸರಿಟ್ಟುಕೊಂಡರು. ತಮಾಷೆ ಚೆನ್ನಾಗಿದೆ. ಆದರೆ ಆ ತಮಾಷೆಗೆ ಜೀವನಪೂರ್ತಿ ಬಡ್ಡಿ ಕಟ್ಟಿದರೋ ಏನೋ ಅಂತ ನನಗೆ ಅನುಮಾನ. ಆ ಕಾಲದ ದೊಡ್ಡ ರಾಕ್ ಬ್ಯಾಂಡ್‌ಗಳಾದ ಬ್ಲ್ಯಾಕ್ ಸಬ್ಬತ್, ಡೀಪ್ ಪರ್ಪಲ್, ಲೆಡ್ ಜೆಪ್ಲಿನ್ ಹೆಸರು ಹೇಳಿ, ಆಮೇಲೆ ಬಡ್ಜಿ ಅಂತ ಹೇಳಿ ನೋಡಿ. ಎದುರಿಗಿರುವವರು ನಗುತ್ತಾರೆ.

ನನಗೆ ಇವರು ಸಿಕ್ಕಿದ್ದು ಹಿಂಬಾಗಿಲಿನಿಂದ. ಬಹುಶಃ ಎಲ್ಲರಿಗೂ ಹಾಗೇ. ಈಗ ತೋರಿಸುತ್ತಿರುವುದು ನನ್ನ ಹಳೇ ಕ್ಯಾಸೆಟ್. ಅಮೆರಿಕದ ಹೆವಿ ಮೆಟಲ್ ಬ್ಯಾಂಡ್ ಮೆಟಾಲಿಕಾದವರ ‘ಗರಾಜ್ ಇಂಕ್’, 1998ರದ್ದು. ಬೇರೆಯವರ ಹಾಡುಗಳನ್ನು ತಮ್ಮ ಧಾಟಿಯಲ್ಲಿ ಬಾರಿಸಿ ಒಟ್ಟು ಮಾಡಿದ್ದು. ಇದರಲ್ಲಿ ‘ಬ್ರೆಡ್‌ಫ್ಯಾನ್’ ಅಂತ ಒಂದು ಹಾಡಿದೆ. ಕಾಲೇಜಿನ ದಿನಗಳಲ್ಲಿ ಇದನ್ನು ಎಷ್ಟು ಸಲ ರಿವೈಂಡ್ ಮಾಡಿದ್ದೇನೆ ಅಂದರೆ, ಆ ಜಾಗದಲ್ಲಿ ಟೇಪೇ ಸವೆದು ಸ್ವಲ್ಪ ಅಲುಗಾಡುತ್ತದೆ. ಅದು ಮೆಟಾಲಿಕಾದ್ದೇ ಹಾಡು ಅಂತ ನಂಬಿಕೊಂಡಿದ್ದೆ. ಒಂದು ದಿನ ಕರೆಂಟ್ ಹೋಗಿತ್ತು. ಬೇರೆ ಕೆಲಸವಿಲ್ಲದೆ ಸುಮ್ನೆ ಕ್ಯಾಸೆಟ್ ಕಾಗದವನ್ನು ಮೇಣದಬತ್ತಿಗೆ ಹಿಡಿದು ಓದುತ್ತಾ ಕೂತೆ. ಇರುವೆ ಸಾಲಿನಂಥ ಅಕ್ಷರ. ಹಾಡಿನ ಪಕ್ಕ ಮೂರು ಹೆಸರು. ಶೆಲ್ಲಿ, ಬೋರ್ಜ್, ಫಿಲಿಪ್ಸ್. ಇವರು ಯಾರಪ್ಪಾ? ಮೆಟಾಲಿಕಾದಲ್ಲಿ ಅಂಥವರು ಯಾರೂ ಇಲ್ಲವಲ್ಲ!

ಬರ್ಕ್ ಶೆಲ್ಲಿ ಬೇಸ್ ಬಾರಿಸುತ್ತಾ ಹಾಡುವವರು. ಟೋನಿ ಬೋರ್ಜ್ ಗಿಟಾರ್. ರೇ ಫಿಲಿಪ್ಸ್ ಡ್ರಮ್ಸ್. ಈ ಮೂವರೇ ಬಡ್ಜಿ, 1967ರಲ್ಲಿ ಕಾರ್ಡಿಫ್‌ನಲ್ಲಿ ಶುರುವಾದ ಬ್ಯಾಂಡ್. ಮೊದಲ ಆಲ್ಬಮ್ 1971ರಲ್ಲಿ ಬಂತು. ಅದನ್ನು ಮಾಡಿಸಿದವರು ರಾಜರ್ ಬೇನ್. ಸಬ್ಬತ್‌ನ ಮೊದಲ ಮೂರು ಆಲ್ಬಮ್ ಮಾಡಿಸಿದ ಅದೇ ಮನುಷ್ಯ. ರೆಕಾರ್ಡ್ ಆದದ್ದು ವೇಲ್ಸ್‌ನ ಮಾನ್‌ಮತ್ ಊರಿನ ಪಕ್ಕದ ರಾಕ್‌ಫೀಲ್ಡ್ ಸ್ಟುಡಿಯೋದಲ್ಲಿ. ಅದು ಮೊದಲು ಹಸು ಸಾಕುತ್ತಿದ್ದ ಜಮೀನು. ಅಣ್ಣ ತಮ್ಮ ಇಬ್ಬರು ಅಲ್ಲಿ ಸ್ಟುಡಿಯೋ ಕಟ್ಟಿದರು. ಬ್ಯಾಂಡಿನವರು ಅಲ್ಲೇ ಉಳಿದು, ಅಲ್ಲೇ ಉಂಡು, ರೆಕಾರ್ಡ್ ಮಾಡಿಕೊಂಡು ಹೋಗುತ್ತಿದ್ದರು. ಕ್ವೀನ್ ಬ್ಯಾಂಡಿನ ಜಗತ್ಪ್ರಸಿದ್ಧ ‘ಬೊಹೀಮಿಯನ್ ರಾಪ್ಸಡಿ’ ಹಾಡಿನ ಕೆಲಸ 1975ರಲ್ಲಿ ಶುರುವಾದದ್ದೂ ಅಲ್ಲೇ. ಬಡ್ಜಿ ಅದಕ್ಕೂ ನಾಲ್ಕು ವರ್ಷ ಮುಂಚೆ ಅಲ್ಲಿ ಗುಡುಗಿಯಾಗಿತ್ತು.

ಈಗ ಗಿಟಾರ್ ಎತ್ತಿಕೊಂಡೆ. ಬ್ರೆಡ್‌ಫ್ಯಾನ್ ರಿಫ್ ತೋರಿಸುತ್ತೇನೆ. ರಿಫ್ ಅಂದರೆ ಮತ್ತೆ ಮತ್ತೆ ತಿರುಗಿ ಬರುವ ಗಿಟಾರ್ ತುಣುಕು, ನಮ್ಮ ಹಾಡುಗಳಲ್ಲಿ ಪಲ್ಲವಿ ಇದ್ದ ಹಾಗೆ ಅಂತಿಟ್ಟುಕೊಳ್ಳಿ. ಮೊದಲು ಗಿಟಾರ್ ಒಂದೇ ಓಡುತ್ತದೆ. ಆಮೇಲೆ ಉಳಿದಿಬ್ಬರೂ ಒಟ್ಟಿಗೆ ಬಂದು ಬೀಳುತ್ತಾರೆ. ನನ್ನ ಕೈ ನೋಡಿ... ತಪ್ಪಿತು. ಇನ್ನೊಂದು ಸಲ... ಮತ್ತೆ ತಪ್ಪಿತು. ಎಡಿಟ್ ಮಾಡದೆ ಹಾಗೇ ಬಿಟ್ಟಿದ್ದೇನೆ, ನಕ್ಕುಬಿಡಿ. ಅರ್ಧ ವೇಗದಲ್ಲಿ ಸುಲಭ. ಅವರ ವೇಗದಲ್ಲಿ ಬಾರಿಸಿದರೆ ಒಂದು ನಿಮಿಷಕ್ಕೆ ಮುಂಗೈ ಕಲ್ಲಾಗುತ್ತದೆ. ಇದು 1973ರ ಹಾಡು ಅನ್ನುವುದು ನೆನಪಿರಲಿ. ಹತ್ತು ವರ್ಷ ಆದ ಮೇಲೆ ಅಮೆರಿಕದ ಹುಡುಗರು ಥ್ರಾಶ್ ಅಂತ ಹೆಸರಿಟ್ಟು ಬಾರಿಸಿದ ಬಿರುಸಿನ ಮೆಟಲ್‌ನ ಬೀಜ ಇಲ್ಲಿದೆ. ಭಾರ ಆಗಲೇ ಸಬ್ಬತ್‌ನಲ್ಲಿತ್ತು. ಓಟ ಪರ್ಪಲ್‌ನಲ್ಲಿತ್ತು. ಎರಡನ್ನೂ ಒಂದೇ ರಿಫ್‌ನಲ್ಲಿ ಇಷ್ಟು ಬಿಗಿಯಾಗಿ ಹೊಸೆದದ್ದು ನನ್ನ ಕಿವಿಗೆ ಇವರೇ.

ಬ್ರೆಡ್ ಅಂದರೆ ಅಲ್ಲಿನ ಆಡುಮಾತಿನಲ್ಲಿ ದುಡ್ಡು. ಬ್ರೆಡ್‌ಫ್ಯಾನ್ ಅಂದರೆ ದುಡ್ಡಿನ ಹಿಂದೆ ಬಿದ್ದವನು. ಆದರೆ ಈ ಹಾಡಿನಲ್ಲಿ ನನಗೆ ರಿಫ್‌ಗಿಂತ ಜಾಸ್ತಿ ಇಷ್ಟವಾಗುವುದು ನಡುವಿನ ಜಾಗ. ಅಷ್ಟು ಹೊತ್ತು ಲಾರಿಯ ಹಾಗೆ ಬರುತ್ತಿದ್ದ ಹಾಡು ತಟ್ಟನೆ ನಿಂತು, ಮೆತ್ತಗಾಗಿ, ಯಾರೋ ಪಕ್ಕದ ರೂಮಿನಲ್ಲಿ ಹಾಡಿಕೊಳ್ಳುತ್ತಿರುವಂತೆ ಆಗುತ್ತದೆ. ನಿಮಗೆ ಇನ್ನೇನು ಮುಗಿಯಿತು ಅನ್ನಿಸುವಾಗ ರಿಫ್ ವಾಪಸ್ ಬರುತ್ತದೆ. ಈ ಹುಚ್ಚು ಅವರ ಮೊದಮೊದಲ ಆಲ್ಬಮ್‌ಗಳಲ್ಲೂ ಇದೆ. ಎರಡು ಗಟ್ಟಿ ಹಾಡುಗಳ ನಡುವೆ ಒಂದು ಪುಟ್ಟ ಅಕೌಸ್ಟಿಕ್ ಪ್ರೇಮಗೀತೆ. ಮೊದಲ ಆಲ್ಬಮ್‌ನಲ್ಲಿ ಒಂದಂತೂ ಒಂದು ನಿಮಿಷವೂ ಇಲ್ಲ. ಮಿರ್ಚಿ ಬಜ್ಜಿ ನಡುವೆ ಒಂದು ಗುಟುಕು ಮಜ್ಜಿಗೆ.

ಮತ್ತೆ ಆ ಹಾಡುಗಳ ಹೆಸರು! ಕನ್ನಡದಲ್ಲಿ ಹೇಳುತ್ತೇನೆ, ಮಜಾ ಬರುತ್ತದೆ. ‘ಹಡಗುಕಟ್ಟೆ ಕೂಲಿಯ ಕಂಕುಳಿನಷ್ಟು ಬಿಸಿ’. ‘ಹಾಲಿನ ಪುಡಿ ಬಂದಮೇಲೆ ಬಂದ ಅತಿ ದೊಡ್ಡ ಸಂಗತಿ ನೀನೇ’. ‘ಟೈರ್ ಹಾಕುವವನ ಕೈಹಿಡಿತದಲ್ಲಿ’. ‘ಮಿದುಳು ಆಪರೇಷನ್‌ಗೆ ದಿಢೀರ್ ಕೋರ್ಸ್’. ಕಾರ್ಡಿಫ್ ಬಂದರಿನ ಊರು, ಕಲ್ಲಿದ್ದಲು ಹಡಗಿಗೆ ತುಂಬಿದ ಊರು. ಆ ಊರಿನ ಗ್ಯಾರೇಜು, ಕೂಲಿ, ಅಡುಗೆಮನೆ ಎಲ್ಲ ಈ ಹೆಸರುಗಳಲ್ಲಿವೆ. ಉಳಿದ ಬ್ಯಾಂಡ್‌ಗಳು ಸೈತಾನ, ಮಾಂತ್ರಿಕ, ರಾಕ್ಷಸ ಅಂತ ಹಾಡುತ್ತಿದ್ದಾಗ ಇವರು ಹಾಲಿನ ಪುಡಿ ಅಂದರು. ಹೀಗಂದರೆ ರೇಡಿಯೋದವರು ಏನಂತ ಅನೌನ್ಸ್ ಮಾಡಬೇಕು ಹೇಳಿ?

ಇವು ಎಲ್‌ಪಿ, ಅಂದರೆ ಅವರ ಗ್ರಾಮಫೋನ್ ರೆಕಾರ್ಡ್‌ಗಳ ಕವರ್‌ಗಳು. ಎರಡನೆಯದು, 1972ರದ್ದು, ನೋಡಿ. ಯುದ್ಧ ವಿಮಾನದ ಮೂತಿಯಲ್ಲಿ ಹಕ್ಕಿಯ ತಲೆಬುರುಡೆ. ಮೂರನೆಯದರಲ್ಲಿ ಒಬ್ಬ ಯೋಧ ದೈತ್ಯ ಬಡ್ಜಿಯ ಜೊತೆ ಕುಸ್ತಿಗೆ ಬಿದ್ದಿದ್ದಾನೆ. ಎರಡೂ ರಾಜರ್ ಡೀನ್ ಬರೆದ ಚಿತ್ರ. ಯೆಸ್ ಬ್ಯಾಂಡಿನ ಕವರ್‌ಗಳಿಗೆ ಹೆಸರಾದ ಕಲಾವಿದ. ಅಕ್ಕನ ಮಗಳು ಇದನ್ನು ನೋಡಿದ್ದೇ, ‘ಮಾಮಾ, ನಮ್ಮ ಹಕ್ಕಿನೂ ಇಷ್ಟು ದೊಡ್ಡ ಆಗುತ್ತಾ?’ ಅಂತ ಕೇಳಿದಳು. ನವಣೆ ಖರ್ಚು ನೆನೆಸಿಕೊಂಡೇ ನನಗೆ ತಲೆ ತಿರುಗಿತು.

ಸರಿ, ಇಷ್ಟೆಲ್ಲ ಇದ್ದರೂ ಯಾಕೆ ಹೆಸರಾಗಲಿಲ್ಲ?

ಅಭಿಮಾನಿಗಳು ರೆಕಾರ್ಡ್ ಕಂಪನಿಗಳನ್ನು ಬೈಯುತ್ತಾರೆ. ನಾನು ಅಷ್ಟು ಸುಲಭವಾಗಿ ಬೈಯಲಾರೆ. ಜನ ಇವರನ್ನು ಪೂರ್ತಿ ಕೈಬಿಟ್ಟರು ಅನ್ನುವುದೂ ನಿಜ ಅಲ್ಲ. 1974ರ ಆಲ್ಬಮ್ ‘ಇನ್ ಫಾರ್ ದ ಕಿಲ್’ ಬ್ರಿಟನ್ನಿನ ಆಲ್ಬಮ್ ಮಾರಾಟದ ಪಟ್ಟಿಯಲ್ಲಿ 29ನೇ ಸ್ಥಾನಕ್ಕೆ ಬಂತು. ಮರುವರ್ಷದ ‘ಬ್ಯಾಂಡೋಲಿಯರ್’ 36ಕ್ಕೆ. ಅಲ್ಲಿಂದ ಇನ್ನೊಂದು ಮೆಟ್ಟಿಲು ಹತ್ತಲಿಲ್ಲ, ಅಷ್ಟೇ. ಬಾಯಿಗೆ ಬರುವಂಥ ಒಂದು ಹಿಟ್ ಹಾಡು ಸಿಗಲಿಲ್ಲ. ಡ್ರಮ್ಸ್‌ನವರು ನಿಲ್ಲಲಿಲ್ಲ. ಫಿಲಿಪ್ಸ್ 1974ರ ಹೊತ್ತಿಗೆ ಹೊರಟರು. ಪೀಟ್ ಬೂಟ್ ಬಂದು ಒಂದು ಆಲ್ಬಮ್ ಬಾರಿಸಿ ಹೋದರು. ಆಮೇಲೆ ಸ್ಟೀವ್ ವಿಲಿಯಮ್ಸ್ ಬಂದರು. ಮೂರು ಕಾಲಿನ ಸ್ಟೂಲಿಗೆ ಆಗಾಗ ಒಂದು ಕಾಲು ಬದಲಾಯಿಸಿದರೆ ಕೂತವರಿಗೆ ಹೇಗಿರುತ್ತದೆ?

ಕೆನಡಾದ ರಶ್ ಬ್ಯಾಂಡ್ ಜೊತೆ ಹೋಲಿಸಿದರೆ ಇದು ಚೆನ್ನಾಗಿ ಗೊತ್ತಾಗುತ್ತದೆ. ಅವರೂ ಮೂವರು. ಅಲ್ಲೂ ಬೇಸ್ ಬಾರಿಸುವವರೇ ಹಾಡುವುದು. ಅಲ್ಲೂ ಚೂಪು ಗಂಟಲು. ಶೆಲ್ಲಿಯ ಉದ್ದ ಕೂದಲು, ದೊಡ್ಡ ಕನ್ನಡಕ ನೋಡಿದವರಿಗೆ ರಶ್‌ನ ಗೆಡ್ಡಿ ಲೀ ನೆನಪಾಗದೆ ಇರುವುದಿಲ್ಲ. ರಶ್‌ನ ಮೊದಲ ಆಲ್ಬಮ್ 1974ರಲ್ಲಿ ಬರುವಾಗ ಬಡ್ಜಿಯವರದ್ದು ಆಗಲೇ ಮೂರು ಬಂದಿತ್ತು. ಆದರೆ ಅದೇ ವರ್ಷ ರಶ್‌ಗೆ ನೀಲ್ ಪರ್ಟ್ ಅನ್ನುವ ಡ್ರಮ್ಮರ್ ಸಿಕ್ಕರು. ಆ ಮೂವರು ಕೊನೆಯವರೆಗೂ ಒಟ್ಟಿಗಿದ್ದರು. 2013ರಲ್ಲಿ, ದೊಡ್ಡ ಸಂಗೀತಗಾರರಿಗೆ ಗೌರವ ಕೊಡುವ ಅಮೆರಿಕದ ರಾಕ್ ಅಂಡ್ ರೋಲ್ ಹಾಲ್ ಆಫ್ ಫೇಮ್ ಸೇರಿದರು. ಬಡ್ಜಿಯ ಬೋರ್ಜ್ 1978ರಲ್ಲಿ ಬಿಟ್ಟು ಹೋದರು.

ನನಗೆ ಬಡ್ಜಿ ಅಂದರೆ ಬೋರ್ಜ್ ಇರುವವರೆಗೆ. ಇನ್ನೂ ಕಟ್ಟುನಿಟ್ಟಾಗಿ ಹೇಳಬೇಕಂದರೆ 1971ರಿಂದ 1975ರವರೆಗಿನ ಐದು ಆಲ್ಬಮ್. ಎಂಬತ್ತರ ದಶಕದಲ್ಲಿ ಜಾನ್ ಥಾಮಸ್ ಅನ್ನುವ ಹೊಸ ಗಿಟಾರಿಸ್ಟ್ ಜೊತೆ ಮಾಡಿದ್ದು ಕೇಳಲು ಅಡ್ಡಿಯಿಲ್ಲ. ಆದರೆ ಆಗ ಬ್ರಿಟನ್ನಿನಲ್ಲಿ ಹೊಸ ಹೆವಿ ಮೆಟಲ್ ಹುಡುಗರ ಅಲೆ ಎದ್ದಿತ್ತು. ದಾರಿ ತೋರಿಸಿದವರೇ ಹುಡುಗರ ಹಿಂದೆ ಓಡಿದರು ಅನ್ನಿಸುತ್ತದೆ. ಅದಕ್ಕೂ ಸೇರಿಸಿ ಮನ್ನಣೆ ಕೊಡಿ ಅಂತ ನಾನು ಕೇಳುವುದಿಲ್ಲ. ಹಾಗಂತ ವೇದಿಕೆಯ ಮೇಲೆ ಅವರು ಸೋತಿರಲಿಲ್ಲ. 1982ರಲ್ಲಿ ಇಂಗ್ಲೆಂಡಿನ ರೆಡಿಂಗ್ ಸಂಗೀತ ಉತ್ಸವದಲ್ಲಿ ಅವರೇ ಒಂದು ರಾತ್ರಿಯ ಮುಖ್ಯ ಬ್ಯಾಂಡ್. ಅದೇ ವರ್ಷ ಕಮ್ಯುನಿಸ್ಟ್ ಆಡಳಿತದ ಪೋಲೆಂಡ್‌ಗೆ ಹೋಗಿ ಬಾರಿಸಿದರು. ಪಶ್ಚಿಮದ ಹಾರ್ಡ್ ರಾಕ್ ಬ್ಯಾಂಡ್‌ಗಳು ಆ ಕಡೆ ಕಾಲಿಡುವುದೇ ಅಪರೂಪವಾಗಿದ್ದ ಕಾಲ ಅದು. ಅಮೆರಿಕದಲ್ಲಿ ಎಲ್ಲೂ ಸಿಗದ ಪ್ರೀತಿ ಟೆಕ್ಸಸ್‌ನ ಸ್ಯಾನ್ ಆಂಟೋನಿಯೋ ಊರಿನಲ್ಲಿ ಸಿಕ್ಕಿತು, ಅಲ್ಲಿನ ಒಂದು ರೇಡಿಯೋದಿಂದ. 1988ರಲ್ಲಿ ನಿಂತುಹೋದ ಬ್ಯಾಂಡು 1995ರಲ್ಲಿ ಮತ್ತೆ ಒಟ್ಟಾಗಿ ಬಾರಿಸಿದ್ದೂ ಆ ಊರಿನಲ್ಲೇ.

ಮನ್ನಣೆ ವಿಷಯಕ್ಕೆ ಬಂದರೆ ಎಲ್ಲರೂ ಹೇಳುವ ಒಂದು ಮಾತಿದೆ. ‘ಮೆಟಾಲಿಕಾ ಎರಡು ಹಾಡು ಬಾರಿಸಿದೆ, ಐರನ್ ಮೇಡನ್ ಒಂದು ಬಾರಿಸಿದೆ, ಸೌಂಡ್‌ಗಾರ್ಡನ್ ಒಂದು ಬಾರಿಸಿದೆ, ಇನ್ನೇನು ಬೇಕು?’ ನನಗೆ ಕಿರಿಕಿರಿ ಆಗುವುದೇ ಇಲ್ಲಿ. ಅದು ಮನ್ನಣೆಯ ಅರ್ಧ ಮಾತ್ರ. 2011ರ ಅಕ್ಟೋಬರ್ 30ರಂದು ಬೆಂಗಳೂರಿನ ಅರಮನೆ ಮೈದಾನದಲ್ಲಿ ಮೆಟಾಲಿಕಾ ಬಂದಾಗ ನಾನೂ ಆ ಜನಸಾಗರದಲ್ಲಿದ್ದೆ. ಒಂದು ಬೂಟಿನ ಅಟ್ಟೆ ಅಲ್ಲೇ ಬಿಟ್ಟುಬಂದೆ. ಶುರುವಾಗುವ ಮುಂಚೆ ಪಕ್ಕದವನ ಹತ್ತಿರ ಮಾತಿಗೆ ಬಿದ್ದು ಬ್ರೆಡ್‌ಫ್ಯಾನ್ ಬಾರಿಸಿದರೆ ಚೆನ್ನ ಅಂದೆ. ‘ಗುರೂ, ಅದು ಮೆಟಾಲಿಕಾದ ಬೆಸ್ಟ್ ಹಾಡು’ ಅಂದ. ‘ಅದು ಅವರದ್ದಲ್ಲಪ್ಪಾ, ಬಡ್ಜಿದು’ ಅಂದೆ. ‘ಬಜ್ಜಿನಾ? ಎಲ್ಲಿ?’ ಅಂತ ತಿರುಗಿ ನೋಡಿದ. ಅವನಿಗೆ ಹಸಿವಾಗಿತ್ತು, ತಪ್ಪಿಲ್ಲ.

ಆದರೆ ನ್ಯಾಯವಾಗಿ ಹೇಳಬೇಕಲ್ಲ. ಬಡ್ಜಿಯವರ ಮೂರನೇ ಆಲ್ಬಮ್‌ನಲ್ಲಿ ಬ್ರೆಡ್‌ಫ್ಯಾನ್ ಆದಮೇಲೆ ಬರುವ ಎರಡನೇ ಹಾಡೇ ಇನ್ನೊಬ್ಬರದ್ದು. ‘ಬೇಬಿ ಪ್ಲೀಸ್ ಡೋಂಟ್ ಗೋ’. ಅಮೆರಿಕದ ಬ್ಲೂಸ್ ಗಾಯಕ ಬಿಗ್ ಜೋ ವಿಲಿಯಮ್ಸ್ 1935ರಲ್ಲಿ ರೆಕಾರ್ಡ್ ಮಾಡಿದ್ದು. ಆ ಅಜ್ಜನ ಹೆಸರು ನನಗೆ ಗೊತ್ತಾದದ್ದು ಬಡ್ಜಿಯಿಂದ. ಅವರ ಮೂಲ ಹಾಡು ಎಷ್ಟು ಸಲ ಕೇಳಿದ್ದೇನೆ ಅಂತ ನೀವು ಕೇಳಿದರೆ, ಎರಡು ಸಲ. ಹಾಗಾಗಿ ಆ ಬಜ್ಜಿ ಹುಡುಗನ ಮೇಲೆ ನಾನು ಜಾಸ್ತಿ ಕೋಪ ಮಾಡಿಕೊಳ್ಳುವ ಹಾಗಿಲ್ಲ.

ಬರ್ಕ್ ಶೆಲ್ಲಿಗೆ 2010ರಲ್ಲಿ ಪೋಲೆಂಡ್ ಪ್ರವಾಸದಲ್ಲಿದ್ದಾಗ ಹೃದಯದಿಂದ ಹೊರಡುವ ದೊಡ್ಡ ರಕ್ತನಾಳ ಉಬ್ಬಿ, ಅಲ್ಲೇ ಆಪರೇಷನ್ ಆಯಿತು. 2022ರ ಜನವರಿ 10ರಂದು ಕಾರ್ಡಿಫ್‌ನಲ್ಲೇ ತೀರಿಕೊಂಡರು. 71 ವರ್ಷ. ಪಟ್ಟಿಗೆ ಸೇರಿಸುವುದು, ಪದಕ ಕೊಡುವುದು ಇದೆಲ್ಲ ಇನ್ನು ಅವರಿಗೆ ಬೇಕಾಗಿಲ್ಲ. ನನಗೂ ಅದರ ಮೇಲೆ ಅಷ್ಟು ಆಸೆಯಿಲ್ಲ. ನನ್ನ ತಕರಾರು ಒಂದೇ. ಜನ ಬ್ರೆಡ್‌ಫ್ಯಾನ್ ಕೇಳಿ ಅಲ್ಲೇ ನಿಲ್ಲುತ್ತಾರೆ. ಎಲ್‌ಪಿ ತಿರುವಿ ಹಾಕುವುದಿಲ್ಲ.

ತಿರುವಿದರೆ ಕೊನೆಯಲ್ಲಿ ‘ಪೇರೆಂಟ್ಸ್’ ಇದೆ. ಹತ್ತು ನಿಮಿಷದ ಹಾಡು. ಚಿಕ್ಕಂದಿನಲ್ಲಿ ಅಪ್ಪ ಅಮ್ಮ ಹೇಳುತ್ತಿದ್ದ ಬುದ್ಧಿಮಾತು ದೊಡ್ಡವನಾದ ಮೇಲೆ ನೆನಪಾಗುವುದು, ಇಷ್ಟೇ ವಿಷಯ. ಇಲ್ಲಿ ಅವಸರವೇ ಇಲ್ಲ. ಶೆಲ್ಲಿ ತಮ್ಮ ತೆಳ್ಳಗಿನ ದನಿಯನ್ನು ಎಳೆದಷ್ಟೂ ಅದು ಮಗುವಿನ ದನಿಯಾಗುತ್ತದೆ. ಬೋರ್ಜ್ ಗಿಟಾರ್ ಒಂದು ಕಡೆ ಕಡಲ ಹಕ್ಕಿ ಕೂಗಿದ ಹಾಗೆ ಕೇಳಿಸುತ್ತದೆ ನನಗೆ. ಈ ಒಂದು ಹಾಡು ಸಾಕು, ಇವರು ಯಾರದ್ದೋ ಕ್ಯಾಸೆಟ್ ಕಾಗದದ ಸಣ್ಣ ಅಕ್ಷರ ಅಲ್ಲ ಅಂತ ಹೇಳಲು.

ಮೊನ್ನೆ ಭಾನುವಾರ ಇದನ್ನೇ ಹಾಕಿದ್ದೆ. ಬ್ರೆಡ್‌ಫ್ಯಾನ್ ಬರುವಾಗ ಅಮ್ಮ ಅಡುಗೆಮನೆಯಿಂದ, ‘ಸೌಂಡ್ ಕಮ್ಮಿ ಮಾಡೋ, ಹಕ್ಕಿ ಹೆದರಿಕೊಳ್ಳುತ್ತವೆ’ ಅಂದರು. ಹಕ್ಕಿಗಳು ನಿಜವಾಗಿಯೂ ಮಡಕೆ ಸೇರಿದ್ದವು. ಕಮ್ಮಿ ಮಾಡಿದೆ. ಎರಡನೇ ಬದಿ ಹಾಕಿ, ಪೇರೆಂಟ್ಸ್ ಶುರುವಾಗಿ, ಆ ಕಡಲ ಹಕ್ಕಿಯ ಜಾಗ ಬಂದಾಗ ನೀಲಿಯದು ಮೊದಲು ತಲೆ ಹೊರಗೆ ಹಾಕಿತು. ಆಮೇಲೆ ನಾಲ್ಕೂ ಶುರುಮಾಡಿದವು, ಕಿಚಿಕಿಚಿ ಅಂತ. ಅಮ್ಮ ಸೌಟು ಹಿಡಿದುಕೊಂಡೇ ಬಾಗಿಲಿಗೆ ಬಂದು ನಿಂತರು. ಹಾಡು ಮುಗಿಯುವವರೆಗೂ ಏನೂ ಹೇಳಲಿಲ್ಲ. ಅಷ್ಟರಲ್ಲಿ ಒಗ್ಗರಣೆ ಸೀದಿತ್ತು.