ಮನೆಯಲ್ಲೇ ಹಿರಿಯರ ಆರೈಕೆ: ಯಾವ ಕೆಲಸ, ಯಾವ ಹೊತ್ತು?

ಕೇಳುಗರಿಗೆ ನಮಸ್ಕಾರ. ವಯಸ್ಸಾದ ತಂದೆಯನ್ನೋ ತಾಯಿಯನ್ನೋ ಅತ್ತೆಯನ್ನೋ ಮನೆಯಲ್ಲಿ ನೋಡಿಕೊಳ್ಳುತ್ತ, ಈಗ ಒಂದು ಕಿವಿಯನ್ನು ರೇಡಿಯೊಗೂ ಇನ್ನೊಂದನ್ನು ಒಳಕೋಣೆಗೂ ಕೊಟ್ಟು ಕುಳಿತಿರುವವರೊಡನೆ ನನ್ನ ಮಾತು. ಉಳಿದವರೂ ಕೇಳಬಹುದು, ನಿಮ್ಮ ಸರದಿಯೂ ಬರುತ್ತದೆ.

ನನ್ನ ಬಳಿ ಬರುವವರ ಮೊದಲ ಪ್ರಶ್ನೆ ಸಾಮಾನ್ಯವಾಗಿ ಒಂದೇ: ‘ಡಾಕ್ಟರೇ, ಒಳ್ಳೆಯ ಹೋಂ ನರ್ಸ್ ಯಾರಾದರೂ ಇದ್ದರೆ ಹೇಳಿ.’ ನನ್ನ ಮರುಪ್ರಶ್ನೆಯೂ ಒಂದೇ: ‘ಯಾವ ಕೆಲಸಕ್ಕೆ? ಯಾವ ಹೊತ್ತಿಗೆ?’ ಅವರು ನನ್ನ ಮುಖ ನೋಡುತ್ತಾರೆ. ‘ನೋಡಿಕೊಳ್ಳುವುದಕ್ಕೆ’ ಎನ್ನುತ್ತಾರೆ. ನೋಡಿಕೊಳ್ಳುವುದು ಒಂದು ಕೆಲಸವಲ್ಲ ಸ್ವಾಮಿ, ಹತ್ತಾರು ಕೆಲಸಗಳ ಗಂಟು. ಗಂಟು ಬಿಚ್ಚದೆ ಜನ ಹುಡುಕಲು ಹೊರಟರೆ, ಸಿಕ್ಕವರು ಎಷ್ಟೇ ಒಳ್ಳೆಯವರಾದರೂ ನಿಮ್ಮ ಮನೆಗೆ ಹೊಂದುವುದಿಲ್ಲ.

ಬಿಚ್ಚುವುದೇನೂ ಕಷ್ಟವಲ್ಲ. ಸಿಡ್ನಿ ಕಾಟ್ಜ್ ಎಂಬ ಅಮೆರಿಕದ ವೈದ್ಯರೂ ಅವರ ಸಂಗಡಿಗರೂ 1963ರಲ್ಲೇ ಆರು ಕೆಲಸಗಳನ್ನು ಪಟ್ಟಿ ಮಾಡಿಟ್ಟಿದ್ದಾರೆ: ಸ್ನಾನ, ಬಟ್ಟೆ ತೊಡುವುದು, ಶೌಚಕ್ಕೆ ಹೋಗಿ ಬರುವುದು, ಹಾಸಿಗೆಯಿಂದ ಎದ್ದು ಕುರ್ಚಿಗೆ ಬರುವುದು, ಮಲಮೂತ್ರದ ಹಿಡಿತ, ಊಟ. 1969ರಲ್ಲಿ ಲಾಟನ್ ಮತ್ತು ಬ್ರೋಡಿ ಎಂಬ ಸಂಶೋಧಕರು ಇನ್ನೂ ಎಂಟನ್ನು ಕೊಟ್ಟರು: ಫೋನ್, ಅಂಗಡಿ, ಅಡುಗೆ, ಮನೆಯ ಚೊಕ್ಕಟ, ಬಟ್ಟೆ ಒಗೆಯುವುದು, ಓಡಾಟ, ಔಷಧಿ, ಹಣಕಾಸು. ನಿಮ್ಮ ಹಿರಿಯರು ಈ ಎಂಟರಲ್ಲಿ ಮಾತ್ರ ತಡವರಿಸುತ್ತಿದ್ದರೆ ಮನೆಗೆಲಸಕ್ಕೂ ಜೊತೆಗೂ ಒಬ್ಬರು ಸಾಕು. ಮೊದಲ ಆರರಲ್ಲಿ ತಡವರಿಸಿದರೆ ಮೈ ಹಿಡಿದು ಆರೈಕೆ ಮಾಡಲು ಕಲಿತ ಸಹಾಯಕರು ಬೇಕು. ಗಾಯದ ಡ್ರೆಸ್ಸಿಂಗ್, ಮೂತ್ರಕ್ಕೆ ಹಾಕಿದ ಕೊಳವೆ ಅಂದರೆ ಕ್ಯಾಥೆಟರ್, ಆಹಾರ ಕೊಡಲು ಮೂಗಿಗೆ ಹಾಕಿದ ಕೊಳವೆ, ಇಂಜೆಕ್ಷನ್ ಇಂಥವು ಇದ್ದರೆ, ಆಗ ಮಾತ್ರ, ನರ್ಸಿಂಗ್ ಓದಿದವರು. ಅದೂ ಎಷ್ಟೋ ಮನೆಗಳಿಗೆ ಅವರು ಆ ಕೆಲಸದ ಹೊತ್ತಿಗೆ ಬಂದುಹೋದರೆ ಆಯಿತು. ಹೋಂ ನರ್ಸ್ ಎಂದು ಏಜೆನ್ಸಿಗಳು ಕಳುಹಿಸಿಕೊಡುವವರೆಲ್ಲರೂ ನರ್ಸಿಂಗ್ ಓದಿದವರೇ ಆಗಿರುವುದಿಲ್ಲ ಎಂಬುದೂ ತಿಳಿದಿರಲಿ. ಪ್ರಮಾಣಪತ್ರ ತೋರಿಸಿ ಎಂದು ಕೇಳಲು ಸಂಕೋಚ ಬೇಡ.

ಒಂದು ಮನೆಯ ವಿಷಯ ಹೇಳಲೇಬೇಕು. ಇದನ್ನು ನಾನು ಎಲ್ಲಿ ಹೋದರೂ ಹೇಳುತ್ತೇನೆ. ಶುರುಮಾಡಿದೊಡನೆ ನನ್ನ ಸಹೋದ್ಯೋಗಿಗಳು ಎದ್ದು ಹೋಗುತ್ತಾರೆ; ರೇಡಿಯೊದಲ್ಲಿ ಆ ಬೇಸರವಿಲ್ಲ, ಎದ್ದು ಹೋದವರು ನನಗೆ ಕಾಣುವುದಿಲ್ಲ.

ಎಂಬತ್ತು ದಾಟಿದ ಹಿರಿಯರು, ಲೆಕ್ಕಪತ್ರದ ಕೆಲಸದಿಂದ ನಿವೃತ್ತರಾದವರು. ಮಗ, ಸೊಸೆ ಇಬ್ಬರೂ ಕೆಲಸಕ್ಕೆ ಹೋಗುವವರು. ಅಪ್ಪನಿಗೆ ಯಾವುದಕ್ಕೂ ಕೊರತೆಯಾಗಬಾರದೆಂದು ಓದಿ ತರಬೇತಿ ಪಡೆದ ನರ್ಸನ್ನೇ ಇಟ್ಟರು, ಬೆಳಿಗ್ಗೆ ಎಂಟರಿಂದ ರಾತ್ರಿ ಎಂಟರವರೆಗೆ. ಆಕೆ ರಕ್ತದೊತ್ತಡ ನೋಡಿದರು, ಬರೆದರು, ಮತ್ತೆ ನೋಡಿದರು. ಬೇರೆ ಕೆಲಸವೇ ಇರಲಿಲ್ಲ. ಹಿರಿಯರು ಸಿಡುಕಿದರು, ಆಕೆ ಬಿಟ್ಟುಹೋದರು. ಇನ್ನೊಬ್ಬರು ಬಂದರು, ಅವರ ಕಡೆಗೆ ನೀರಿನ ಲೋಟ ಹಾರಿತು. ಮೂರನೆಯವರು ಹೊರಟ ದಿನ ಮಗ ನನ್ನ ಬಳಿ ಬಂದು, ‘ಅಪ್ಪನಿಗೆ ಮರೆವಿನ ಕಾಯಿಲೆ ಶುರುವಾಗಿರಬೇಕು, ಅದಕ್ಕೇ ಈ ಕೋಪ, ಮಾತ್ರೆ ಬರೆದುಕೊಡಿ’ ಎಂದರು. ‘ನಾನು ಬರೆಯುವುದಿಲ್ಲ, ಒಂದು ವಾರ ನೀವು ಬರೆಯಿರಿ’ ಎಂದೆ. ಗಂಟೆಗಂಟೆಗೂ ಅಪ್ಪ ಏನು ಮಾಡಿದರು, ಯಾವುದನ್ನು ತಾವೇ ಮಾಡಿಕೊಂಡರು, ಎಲ್ಲಿ ಕೈ ಹಿಡಿಯಬೇಕಾಯಿತು. ಅಷ್ಟೇ.

ಬರೆದವರು ಸೊಸೆ. ಯಾವ ಮನೆಯಲ್ಲೂ ಬರೆಯುವವರು ಸೊಸೆಯೋ ಮಗಳೋ ಆಗಿರುತ್ತಾರೆ, ಇರಲಿ. ಆ ನೋಟ್‌ಬುಕ್ಕಿನ ಹಗಲಿನ ಪುಟಗಳು ಬಹುಪಾಲು ಖಾಲಿ. ತಾವೇ ತಿನ್ನುತ್ತಾರೆ, ಮಾತ್ರೆ ತಪ್ಪಿಸುವುದಿಲ್ಲ, ಪತ್ರಿಕೆಯ ಅಕ್ಷರ ಕಾಣುವುದಿಲ್ಲವೆಂದು ಮಧ್ಯಾಹ್ನ ಗೊಣಗುತ್ತಾರೆ. ಸ್ನಾನಕ್ಕೆ ಮಾತ್ರ ರಂಪ: ಮೊಮ್ಮಗಳ ವಯಸ್ಸಿನ ಹುಡುಗಿಯ ಮುಂದೆ ಬಟ್ಟೆ ಬಿಚ್ಚಲು ಆ ಮನುಷ್ಯ ಒಪ್ಪುವುದಿಲ್ಲ. ನೀವಾದರೆ ಒಪ್ಪುತ್ತಿದ್ದಿರಾ? ಇನ್ನು ರಾತ್ರಿಯ ಪುಟಗಳಲ್ಲಿ ಬರೆಯಲು ಜಾಗವಿಲ್ಲ. ಹನ್ನೊಂದಕ್ಕೆ ಎದ್ದರು, ಒಂದಕ್ಕೆ ಎದ್ದರು, ಎರಡೂವರೆಗೆ ಎದ್ದರು, ಕತ್ತಲಲ್ಲಿ ಗೋಡೆ ಹಿಡಿದು ಬಚ್ಚಲಿಗೆ ಹೋದರು, ಒಮ್ಮೆ ಹೊಸ್ತಿಲಲ್ಲಿ ಮುಗ್ಗರಿಸಿದರು. ನಿದ್ದೆಗೆಟ್ಟವರು ಬೆಳಿಗ್ಗೆ ಸಿಡುಕದೆ ಹಾಡು ಹೇಳುತ್ತಾರೆಯೇ? ಸಹಾಯ ಬೇಡದ ಹೊತ್ತಿನಲ್ಲಿ ಹನ್ನೆರಡು ಗಂಟೆ ನರ್ಸ್. ಬೇಕಾದ ಹೊತ್ತಿನಲ್ಲಿ ಯಾರೂ ಇಲ್ಲ.

ಮೂತ್ರ ಹೆಚ್ಚಿಸುವ ಮಾತ್ರೆಯೊಂದನ್ನು ಅವರು ಸಂಜೆ ನುಂಗುತ್ತಿದ್ದರು. ಅದನ್ನು ಬೆಳಗಿನ ಹೊತ್ತಿಗೆ ಬದಲಿಸಿದೆ. ನೀವಾಗಿಯೇ ಬದಲಿಸಲು ಹೋಗಬೇಡಿ, ವೈದ್ಯರನ್ನು ಕೇಳಿ. ಬಚ್ಚಲಿನ ಗೋಡೆಗೆ ಹಿಡಿಕೆ ಬಂತು, ದಾರಿಗೆ ರಾತ್ರಿಯಿಡೀ ಉರಿಯುವ ಸಣ್ಣ ದೀಪ ಬಂತು. ರಾತ್ರಿ ಒಂಬತ್ತಕ್ಕೆ ಬಂದು, ಬೆಳಿಗ್ಗೆ ಸ್ನಾನ ಮಾಡಿಸಿ ಹೊರಡುವ ಗಂಡಸೊಬ್ಬರನ್ನು ಗೊತ್ತುಮಾಡಿದರು. ಮಧ್ಯಾಹ್ನ ಪತ್ರಿಕೆ ಓದಿ ಹೇಳಲು ಪಕ್ಕದ ಮನೆಯ ಕಾಲೇಜು ಹುಡುಗ. ನರ್ಸ್ ಬೇಕಿರಲೇ ಇಲ್ಲ. ಖರ್ಚೂ ಇಳಿಯಿತು. ಮರೆವಿನ ಕಾಯಿಲೆಯ ಅಪ್ಪ ಆ ಹುಡುಗನಿಗೆ ಜಮಾಖರ್ಚಿನ ಪಾಠ ಶುರುಮಾಡಿದರು, ಅವನು ಕೇಳದಿದ್ದರೂ.

ಗಾಜಿನ ಆಚೆಯಿಂದ ಗಡಿಯಾರ ತೋರಿಸುತ್ತಿದ್ದಾರೆ. ಉಳಿದದ್ದನ್ನು ಬೇಗ ಹೇಳಿಬಿಡುತ್ತೇನೆ.

ಮನೆಯಲ್ಲೇ ಉಳಿಯುವವರನ್ನು ಇಟ್ಟುಕೊಂಡರೆ ಇಪ್ಪತ್ತನಾಲ್ಕು ಗಂಟೆಯ ಆರೈಕೆ ಸಿಕ್ಕಿತು ಎಂದುಕೊಳ್ಳುತ್ತಾರೆ. ಇಲ್ಲ, ಅವರೂ ಮಲಗಬೇಕು. ಹಾಸಿಗೆ ಹಿಡಿದವರಿಗೆ ಹುಣ್ಣಾಗದಂತೆ ಸುಮಾರು ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸಬೇಕಾಗಬಹುದು, ರಾತ್ರಿಯೂ. ಅದು ಒಬ್ಬರಿಂದ ಆಗದ ಕೆಲಸ. ಪಾಳಿಯ ಮೇಲೆ ಇಬ್ಬರಾದರೂ ಬೇಕು. ಏಜೆನ್ಸಿಯ ಮೂಲಕ ಬಂದರೆ ಒಬ್ಬರು ರಜೆ ಹಾಕಿದಾಗ ಇನ್ನೊಬ್ಬರನ್ನು ಕಳುಹಿಸುತ್ತಾರೆ, ಆದರೆ ಮುಖ ಬದಲಾಗುತ್ತಿರುತ್ತದೆ. ನೀವೇ ಹುಡುಕಿದರೆ ಮುಖ ಒಂದೇ, ರಜೆಯ ದಿನದ ಪಾಡು ನಿಮ್ಮದು. ಮರೆವಿನ ಕಾಯಿಲೆ ನಿಜವಾಗಿಯೂ ಇರುವ ಮನೆಯಲ್ಲಿ ಪರಿಚಿತ ಮುಖಕ್ಕೇ ನನ್ನ ಮತ. ನಡೆದಾಡುವ ಶಕ್ತಿ ಮರಳಬೇಕಾದವರಿಗೆ ಸಹಾಯಕರಿಗಿಂತ ಮೊದಲು ಮನೆಗೆ ಬರುವ ಫಿಸಿಯೋಥೆರಪಿಯವರನ್ನು ವಿಚಾರಿಸಿ. ಎಲ್ಲವನ್ನೂ ಮನೆಯವರೇ ಮಾಡುತ್ತಿದ್ದರೆ ವಾರಕ್ಕೆ ಅರ್ಧ ದಿನವಾದರೂ ಬೇರೆಯವರನ್ನು ಕೂರಿಸಿ ಹೊರಗೆ ಹೋಗಿ. ಇದಕ್ಕೆ ಇನ್ನೂ ಸಮಯ ಕೊಡಬೇಕಿತ್ತು.

ಏಜೆನ್ಸಿಗೆ ಫೋನ್ ಮಾಡುವ ಮೊದಲು ಒಂದು ವಾರ ಬರೆಯಿರಿ. ಯಾವ ಕೆಲಸ, ಯಾವ ಹೊತ್ತು. ಆಸ್ಪತ್ರೆಗೆ ಸೇರಿ ಮರಳಿದವರಿದ್ದರೆ ಹಳೆಯ ಪುಟಗಳನ್ನು ನಂಬಬೇಡಿ, ಹೊಸದಾಗಿ ಬರೆಯಿರಿ. ರಾತ್ರಿಯನ್ನು ಬಿಡಬೇಡಿ. ಬರೆದದ್ದನ್ನು ಹಿರಿಯರಿಗೇ ತೋರಿಸಿ. ‘ನಾನೆಲ್ಲಿ ಮೂರು ಸಲ ಎದ್ದೆ’ ಎಂದು ಅವರು ಜಗಳವಾಡುತ್ತಾರೆ, ಆಡಲಿ. ನಮಸ್ಕಾರ.